ದಿನಕ್ಕೊಂದೇ ದಿಕ್ಕು: ಸಕಲೇಶಪುರ ಸೀಮೆಯಲ್ಲಿ ಬೇಸಿಗೆ ರಜೆ

ಏಪ್ರಿಲ್ 11ಕ್ಕೆ ಶಾಲೆಗೆ ರಜೆ ಬಿತ್ತೆಂದರೆ ಬೆಂಗಳೂರು, ಮೈಸೂರಿನ ನೆಂಟರ ಫೋನು ಶುರು. "ಚಿಕ್ಕಮ್ಮ, ಎರಡು ದಿನ ಇದ್ದು ಹೋಗ್ತೀವಿ, ಏನೇನು ಕವರ್ ಮಾಡಬಹುದು ಹೇಳಿ" ಎಂದು ಅಕ್ಕನ ಮಗ ಕೇಳುತ್ತಾನೆ. ಕೇಳುವ ಮೊದಲೇ ಅವನ ಕೈಯಲ್ಲಿ ಪಟ್ಟಿ ಸಿದ್ಧವಾಗಿರುತ್ತದೆ: ಮಂಜರಾಬಾದ್ ಕೋಟೆ, ಬಿಸಿಲೆ ಘಾಟಿ, ಮಗಜಹಳ್ಳಿ ಜಲಪಾತ, ಮೂರ್ಕಣ್ಣು ಗುಡ್ಡ, ಶೆಟ್ಟಿಹಳ್ಳಿ ಚರ್ಚು, ಬೇಲೂರು, ಹಳೇಬೀಡು, ಕುಕ್ಕೆ. ಮೊಬೈಲಿನ ನಕ್ಷೆಯಲ್ಲಿ ಎಲ್ಲವೂ ಒಂದು ಅಂಗೈಯಗಲದಲ್ಲಿ ಕಾಣುತ್ತವೆ.

ಬಾಳ್ಳುಪೇಟೆಯ ಒಳಗಿನ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು. ನಮ್ಮದು ಸಣ್ಣ ಕಾಫಿ ತೋಟ. ಒಂದು ಕಡೆ ಆಲೂರು, ಇನ್ನೊಂದು ಕಡೆ ಸಕಲೇಶಪುರ. ಬೇಸಿಗೆಯಲ್ಲಿ ಮನೆ ತುಂಬ ಮಕ್ಕಳನ್ನು ಇಟ್ಟುಕೊಂಡು ಬಂದ ಅನುಭವದಿಂದ ಎಲ್ಲರಿಗೂ ಹೇಳುವುದು ಒಂದೇ ಮಾತು: ದಿನಕ್ಕೊಂದೇ ದಿಕ್ಕು.

ಸಕಲೇಶಪುರ ಹೇಮಾವತಿ ದಡದ ಊರು, ನಾಲ್ಕು ದಾರಿ ಕೂಡುವ ಜಾಗ. ಪಶ್ಚಿಮಕ್ಕೆ ಹೋದರೆ ದೋಣಿಗಾಲ್, ಶಿರಾಡಿ ಘಾಟಿ, ಮಂಗಳೂರು. ದಕ್ಷಿಣಕ್ಕೆ ಹೆತ್ತೂರು, ಬಿಸಿಲೆ. ಪೂರ್ವಕ್ಕೆ ಆಲೂರು, ಹಾಸನ. ಉತ್ತರಕ್ಕೆ ಹಾನುಬಾಳು, ಮೂಡಿಗೆರೆ. ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ನಲವತ್ತು ಕಿಲೋಮೀಟರಿಗೆ ಒಂದೂವರೆ, ಎರಡು ಗಂಟೆ ಹಿಡಿಯುತ್ತದೆ. ಒಂದೇ ದಿನ ಎರಡು ದಿಕ್ಕು ಸುತ್ತಲು ಹೊರಟರೆ ಮಕ್ಕಳು ಕಾರಿನ ಸೀಟನ್ನೇ ಹೆಚ್ಚು ನೋಡುತ್ತಾರೆ, ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತಾರೆ. ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ನಮ್ಮ ಸೀಮೆಯಲ್ಲಿ ಕತ್ತಲಾದ ಮೇಲೆ ರಸ್ತೆ ಆನೆಗಳದ್ದು.

ಯಾವಾಗ ಬಂದರೆ ಒಳ್ಳೆಯದು?

"ಅಲ್ಲಿ ಬೇಸಿಗೆಯಲ್ಲೂ ಚಳಿ ಇರುತ್ತಾ?" ಎಂದು ಕೇಳುವವರಿದ್ದಾರೆ. ಇರುವುದಿಲ್ಲ. ಏಪ್ರಿಲ್‌ನ ನಡುಹಗಲು ಬಿಸಿಲು ಇಲ್ಲಿಯೂ ಮೂವತ್ತು ಡಿಗ್ರಿ ದಾಟುತ್ತದೆ. ಆದರೆ ಬೆಳಗ್ಗೆ ಹತ್ತರವರೆಗೆ ಹಿತವಾದ ತಂಪು, ತೋಟದೊಳಗೆ ದಿನವಿಡೀ ನೆರಳು. ಹಗಲೆಲ್ಲ ಧಗೆ ಕಟ್ಟಿ ಸಂಜೆ ಗುಡುಗಿ ಮಳೆ ಹೊಯ್ದರೆ ರಾತ್ರಿ ಹೊದಿಕೆ ಬೇಕೇ ಬೇಕು. ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ ಸಂಸಾರ ಸಮೇತ ಬರುವವರಿಗೆ ಒಳ್ಳೆಯ ಕಾಲ. ಮೇ ಕೊನೆಗೆ ಮಳೆ ಬಲಿಯುತ್ತದೆ, ಹುಲ್ಲಿನಲ್ಲಿ ಇಂಬಳಗಳು ಏಳುತ್ತವೆ, ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು.

ಕಾಫಿ ಹೂವು ನೋಡಬೇಕೆಂಬ ಆಸೆ ಹಲವರಿಗೆ. ರಜೆ ಬರುವ ಹೊತ್ತಿಗೆ ರೊಬಸ್ಟಾ ಹೂವು ಸಾಮಾನ್ಯವಾಗಿ ಮುಗಿದಿರುತ್ತದೆ. ಅರೇಬಿಕಾ ಹೂವು ಮಾರ್ಚ್-ಏಪ್ರಿಲ್‌ನ ಹೂಮಳೆಯನ್ನು ನಂಬಿಕೊಂಡಿರುತ್ತದೆ. ಒಂದು ಇಂಚಿನಷ್ಟು ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಮೊಗ್ಗೆಲ್ಲ ಒಮ್ಮೆಲೇ ಬಿರಿಯುತ್ತದೆ. ಮೂರು-ನಾಲ್ಕು ದಿನ ತೋಟವಿಡೀ ಬಿಳುಪು, ಮಲ್ಲಿಗೆಯ ಹಾಗೆ ಘಮ. ಹೂವಿಗಾಗಿಯೇ ಬರುವವರು ತಿಂಗಳ ಮೊದಲು ದಿನ ಗೊತ್ತು ಮಾಡಿಕೊಳ್ಳಬಾರದು. ತೋಟದವರಿಗೆ ಫೋನು ಮಾಡಿ, ಮಳೆಯಾದ ಸುದ್ದಿ ಕೇಳಿ, ಆ ಮೇಲಿನ ವಾರಕ್ಕೆ ಹೊರಡಬೇಕು.

ಅಮೆರಿಕದಲ್ಲಿರುವ ನನ್ನ ತಂಗಿಯ ಮಕ್ಕಳ ಕಷ್ಟ ಬೇರೆ. ಅಲ್ಲಿ ಬೇಸಿಗೆ ರಜೆಯೆಂದರೆ ಜೂನ್‌ನಿಂದ ಆಗಸ್ಟ್, ಅಂದರೆ ಇಲ್ಲಿ ಮಳೆಗಾಲದ ನಟ್ಟನಡು. ಆಗ ಹಸಿರಿಗೂ ನೀರಿಗೂ ಕೊರತೆಯಿಲ್ಲ. ಆದರೆ ಘಾಟಿಯಲ್ಲಿ ಗುಡ್ಡ ಕುಸಿಯುತ್ತದೆ. 2024ರ ಜುಲೈನಲ್ಲಿ ದೊಡ್ಡತಪ್ಪಲಿನ ಬಳಿ ಕುಸಿದು ಶಿರಾಡಿ ರಸ್ತೆಯೇ ಕಟ್ಟಿಹೋಗಿತ್ತು. ಆ ತಿಂಗಳುಗಳಲ್ಲಿ ಬರುವವರು ಬೆಟ್ಟ, ಜಲಪಾತಗಳ ಆಸೆ ಬಿಟ್ಟು ಮನೆ, ಅಡುಗೆ, ಜಗಲಿ, ಬೇಲೂರಿನಂಥ ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರಬೇಕು. ಹಿಂತಿರುಗುವ ವಿಮಾನಕ್ಕೆ ಮೊದಲು ಎರಡು ದಿನ ಕೈಯಲ್ಲಿರಲಿ.

ಪಶ್ಚಿಮ: ಕೋಟೆ ಮತ್ತು ರೈಲು

ಮೊದಲ ದಿನ ಪಶ್ಚಿಮಕ್ಕೆ. ಪಟ್ಟಣದಿಂದ ಐದಾರು ಕಿಲೋಮೀಟರು, ಹೆದ್ದಾರಿ ಪಕ್ಕದಲ್ಲೇ ಮಂಜರಾಬಾದ್ ಕೋಟೆ. ಬೆಳಗ್ಗೆ ಬೇಗ ಹೋಗಿಬಿಡಬೇಕು, ಇನ್ನೂರೈವತ್ತರಷ್ಟು ಮೆಟ್ಟಿಲುಗಳನ್ನು ಬಿಸಿಲೇರಿದ ಮೇಲೆ ಹತ್ತುವುದು ಅಜ್ಜ-ಅಜ್ಜಿಯರಿಗೆ ಆಗದು. ಟಿಪ್ಪು ಸುಲ್ತಾನ್ 1792ರ ಹೊತ್ತಿಗೆ ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಕಟ್ಟಿಸಿದ್ದು. ಕರಾವಳಿಯಿಂದ ಶ್ರೀರಂಗಪಟ್ಟಣದ ಕಡೆಗೆ ಏರಿಬರುವ ದಾರಿಯ ಮೇಲೆ ಕಣ್ಣಿಡಲಿಕ್ಕೆ. ಸಮುದ್ರ ಮಟ್ಟದಿಂದ 988 ಮೀಟರ್ ಎತ್ತರ.

ಕೋಟೆ ಎಂಟು ಮೂಲೆಯ ನಕ್ಷತ್ರದಾಕಾರದಲ್ಲಿ ಏಕಿದೆ ಎಂಬುದನ್ನು ಮಕ್ಕಳಿಗೆ ಮಾತಿನಲ್ಲಿ ವಿವರಿಸುವುದು ಕಷ್ಟ, ಆಡಿ ತೋರಿಸುವುದು ಸುಲಭ. ನಾನು ಒಬ್ಬನನ್ನು ಒಂದು ಮೂಲೆಯಲ್ಲಿ, ಇನ್ನೊಬ್ಬಳನ್ನು ಪಕ್ಕದ ಮೂಲೆಯಲ್ಲಿ ನಿಲ್ಲಿಸುತ್ತೇನೆ. ತನ್ನ ಕಾಲ ಕೆಳಗಿನ ಗೋಡೆಬುಡ ತನಗೆ ಕಾಣದಿದ್ದರೂ ಪಕ್ಕದ ಮೂಲೆಯವಳಿಗೆ ಪೂರ್ತಿ ಕಾಣುತ್ತದೆ. ಗೋಡೆಗೆ ಒತ್ತಿಕೊಂಡು ಬಂದ ಶತ್ರುವಿಗೂ ಅಡಗಲು ಜಾಗವಿಲ್ಲ. ಇಷ್ಟು ಗೊತ್ತಾದ ಮೇಲೆ ಮಕ್ಕಳು ಎಂಟೂ ಮೂಲೆಗೆ ಓಡುತ್ತಾರೆ. ಗೋಡೆಯಂಚಿಗೆ ತಡೆಯಿಲ್ಲದ ಕಡೆ ದೊಡ್ಡವರೊಬ್ಬರು ಕೈ ಹಿಡಿದಿರಬೇಕು. ನಡುವಿನ ಕೊಳದ ಬಳಿಯೂ ಅಷ್ಟೇ. ಟಿಪ್ಪುವಿನ ನಂತರ ಈ ಸೀಮೆಯ ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕ ಬ್ರಿಟಿಷರ ವಿರುದ್ಧ ತಿರುಗಿಬಿದ್ದ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಅವನನ್ನು ಹಿಡಿದು ಗಲ್ಲಿಗೇರಿಸಿತು. ಕೋಟೆ ಮೇಲೆ ನಿಂತು ಈ ಕಥೆಯನ್ನೂ ಮಕ್ಕಳಿಗೆ ಹೇಳಿ. ಶಾಲೆಯ ಪುಸ್ತಕದಲ್ಲಿ ಅದು ಅವರಿಗೆ ಸಿಗುವುದು ಅಪರೂಪ.

ಕೋಟೆ ಇಳಿದು ತಿಂಡಿ ಮುಗಿಸಿದರೆ ರೈಲಿಗೆ ಹೊತ್ತು ಸರಿಹೋಗುತ್ತದೆ. ಬೆಳಗ್ಗೆ ಬೆಂಗಳೂರು ಬಿಟ್ಟ ಹಗಲು ರೈಲು ಮಧ್ಯಾಹ್ನಕ್ಕೆ ಮೊದಲು ಸಕಲೇಶಪುರ ತಲುಪಿ, ಅಲ್ಲಿಂದ ಘಾಟಿ ಇಳಿಯುತ್ತದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಮಾರ್ಗವಿದು. ಗೇಜ್ ಬದಲಿಸಲು 1996ರಲ್ಲಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವ ಇಳಿಜಾರು. ಗೂಡ್ಸ್ ಗಾಡಿ ಏರಬೇಕಾದರೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ನುಗಳೇ ಬೇಕು. ಸುರಂಗ ಎಣಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿ, ಯಡಕುಮೇರಿ ನಿಲ್ದಾಣ ಬರುವವರೆಗೂ ಮೊಬೈಲು ಕೇಳುವುದಿಲ್ಲ.

2021ರಿಂದ ಈ ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳೂ ಬಂದಿವೆ. ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ, ರಜೆಯಲ್ಲಿ ಬೇಗ ಮುಗಿಯುತ್ತದೆ. ಕಾಮಗಾರಿಯೆಂದು ಹಗಲು ರೈಲು ನಿಲ್ಲಿಸುವುದೂ ಉಂಟು, ಹಾಗಾಗಿ ಹೊರಡುವ ಮುನ್ನ ಖಾತ್ರಿ ಮಾಡಿಕೊಳ್ಳಿ. ನಾವು ಮಾಡುವುದು ಹೀಗೆ: ಮಕ್ಕಳು, ಹಿರಿಯರೆಲ್ಲ ರೈಲಿನಲ್ಲಿ, ನಮ್ಮನೆಯವರು ಶಿರಾಡಿ ಘಾಟಿಯಿಳಿದು ನೆಟ್ಟಣದಲ್ಲಿರುವ ಆ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಕಾರಿನೊಂದಿಗೆ ಕಾಯುತ್ತಾರೆ. ಗುಂಡ್ಯದ ಮೂಲಕ, ಬೆಳಕಿರುವಾಗಲೇ ವಾಪಸ್. ಹಳಿಯ ಮೇಲೆ ನಡೆದು ಚಾರಣ ಮಾಡುವ ಹಳೆಯ ಹುಚ್ಚು ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಅದು ನಿಷಿದ್ಧ; ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲಲು ಜಾಗ ಸಾಲದು.

ದಕ್ಷಿಣ: ಎರಡು ಸಮುದ್ರಕ್ಕೆ ಹರಿಯುವ ನೀರು

ಬಿಸಿಲೆಗೆ ಸಕಲೇಶಪುರದಿಂದ ಸುಮಾರು 50 ಕಿಲೋಮೀಟರು, ಹೆತ್ತೂರು, ವಣಗೂರಿನ ಮೇಲೆ. ಪೆಟ್ರೋಲನ್ನು ಪಟ್ಟಣದಲ್ಲೇ ತುಂಬಿಸಿಕೊಳ್ಳಿ, ಬುತ್ತಿ ಕಟ್ಟಿಕೊಳ್ಳಿ, ದಾರಿಯ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಕಾಡು ಹೊಕ್ಕ ಮೇಲೆ ಸಿಗ್ನಲ್ ಇರುವುದಿಲ್ಲ.

ದಾರಿಯಲ್ಲಿ ಮಂಕನಹಳ್ಳಿಯ ಬಳಿ ರಿಡ್ಜ್ ಪಾಯಿಂಟ್ ಎಂಬ ಜಾಗವಿದೆ. ನೋಡಲು ಬರೀ ಒಂದು ಏಣು, ಗುರುತಿಗೆ ಒಂದು ಕಲ್ಲು. ಬಹಳ ಮಂದಿ ಕಾರು ನಿಲ್ಲಿಸದೆ ಹೋಗಿಬಿಡುತ್ತಾರೆ. ನನಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ. ಈ ಏಣಿನ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿ ಸೇರಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯಾಗಿ, ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಂದಿಗೆ ಕೂಡಿ, ಮಂಗಳೂರಿನ ಬಳಿ ಅರಬ್ಬಿ ಸಮುದ್ರಕ್ಕೆ. ಮಕ್ಕಳ ಕೈಗೆ ನೀರಿನ ಬಾಟಲಿ ಕೊಟ್ಟು ಏಣಿನ ನೆತ್ತಿಯಲ್ಲಿ ಸುರಿಯಲು ಹೇಳುತ್ತೇನೆ. ನೀರು ಒಂದು ಕ್ಷಣ ಮಣ್ಣಿನ ಮೇಲೆ ನಿಂತು, ಎರಡು ಎಳೆಯಾಗಿ ಒಡೆದು, ಎರಡು ಕಡೆ ಹರಿದುಹೋಗುತ್ತದೆ. "ದೊಡ್ಡಮ್ಮ, ನನ್ನದು ಮಂಗಳೂರಿಗೆ ಹೋಯ್ತು" ಎಂದು ಒಬ್ಬಳು ಕುಣಿದರೆ, ಇನ್ನೊಬ್ಬ ತನ್ನದು ಚೆನ್ನೈಗೆ ಎನ್ನುತ್ತಾನೆ. ಚೆನ್ನೈ ಅಲ್ಲ ಕಣೋ, ಪೂಂಪುಹಾರಿನ ಕಡೆ ಎಂದು ತಿದ್ದುತ್ತೇನೆ.

ಬೆಂಗಳೂರು, ಕೋಲಾರದ ಕಡೆಯ ಮಕ್ಕಳಿಗೆ ಇನ್ನೂ ಒಂದು ಮಾತು ಸೇರಿಸುತ್ತೇನೆ. ಇದೇ ತಾಲ್ಲೂಕಿನಲ್ಲಿ ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆಯಂಥ ಹಳ್ಳಗಳ ನೀರನ್ನು ಮೇಲೆತ್ತಿ ಬಯಲುಸೀಮೆಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ಸರಿ-ತಪ್ಪಿನ ಬಗ್ಗೆ ನಮ್ಮ ಊರುಗಳಲ್ಲಿ ಇವತ್ತಿಗೂ ಬಿಸಿ ಚರ್ಚೆ ಇದೆ. ಏಣಿನ ಮೇಲೆ ನಿಂತು ನೋಡಿದ ಮಗುವಿಗೆ ಆ ಚರ್ಚೆ ಏನೆಂದು ಅರ್ಥವಾಗುತ್ತದೆ.

ಮುಂದೆ ಬಿಸಿಲೆಯ ಬ್ಯೂಟಿ ಸ್ಪಾಟ್. ಎದುರಿಗೆ 1,712 ಮೀಟರ್ ಎತ್ತರದ ಕುಮಾರಪರ್ವತ, ದೊಡ್ಡಬೆಟ್ಟ, ಎಣ್ಣಿಕಲ್ಲು ಬೆಟ್ಟ. ಕೆಳಗೆ ಕಾಡೇ ಕಾಡು. ಗದ್ದಲ ಮಾಡದೆ ಅರ್ಧ ಗಂಟೆ ಕೂತರೆ ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು ಕೇಳುತ್ತದೆ, ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರುವುದು ಕಾಣುತ್ತದೆ. ಬುತ್ತಿ ಉಂಡ ಎಲೆ, ಪೊಟ್ಟಣ ಎಲ್ಲವೂ ಕಾರಿನಲ್ಲೇ ವಾಪಸ್ ಬರಬೇಕು. ನಾಲ್ಕು ಗಂಟೆಗೆ ಅಲ್ಲಿಂದ ಹೊರಡಲೇಬೇಕು.

ಪೂರ್ವ, ಉತ್ತರ

ಪೂರ್ವದ ದಿನಕ್ಕೆ ಶೆಟ್ಟಿಹಳ್ಳಿ. ಹಾಸನದಿಂದ ಇಪ್ಪತ್ತು ಕಿಲೋಮೀಟರಿನಷ್ಟು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬುಡದವರೆಗೆ ನಡೆದು ಹೋಗಬಹುದು. ಗೋಡೆ ಹತ್ತುವುದು, ಕಮಾನಿನ ಕೆಳಗೆ ನಿಂತು ಫೋಟೊ ತೆಗೆಯುವುದು ಬೇಡ. ವರ್ಷ ವರ್ಷ ನೆನೆದು ಒಣಗಿದ ಗಾರೆ ಅದು, ಕಲ್ಲು ಉದುರುತ್ತದೆ. ಆ ನೀರಿನಡಿ ಚರ್ಚಿನ ಜತೆ ಊರುಗಳೂ ಹೋಗಿವೆ. ಮನೆ-ಹೊಲ ಕಳೆದುಕೊಂಡವರಿಗೆ ಸರ್ಕಾರ ಜಮೀನು ತೋರಿಸಿದ್ದು ನಮ್ಮ ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲೂ. ಅಂಥ ಮನೆಗಳ ಹಿರಿಯರು ನಮ್ಮ ನೆರೆಯಲ್ಲೇ ಇದ್ದಾರೆ. ಶೆಟ್ಟಿಹಳ್ಳಿಗೆ ಹೋಗುವ ಮಕ್ಕಳಿಗೆ ಅವರ ಮಾತು ಕೇಳಿಸಿಯೇ ಕಳಿಸುತ್ತೇನೆ.

ಹಾಸನದ ಹಾಸನಾಂಬೆಯ ಗುಡಿ ಬಾಗಿಲು ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ತೆರೆಯುವುದು, ಬೇಸಿಗೆಯಲ್ಲಿ ಹೋಗಿ ನಿರಾಶರಾಗಬೇಡಿ. ಬದಲಿಗೆ ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಕಡೆಯ ಕೆಂಚಾಂಬೆಯನ್ನು ನೋಡಿ ಬನ್ನಿ. ಹಾಸನಕ್ಕೆ ಬಂದ ಸಪ್ತಮಾತೃಕೆಯರಲ್ಲಿ ಒಬ್ಬಳು ಇಲ್ಲಿ ನೆಲೆಸಿದಳೆಂಬುದು ನಮ್ಮ ಸೀಮೆಯ ನಂಬಿಕೆ.

ಉತ್ತರದಲ್ಲಿ ಮೂರ್ಕಣ್ಣು ಗುಡ್ಡ, ಮಗಜಹಳ್ಳಿ ಜಲಪಾತ. ಏಪ್ರಿಲ್‌ನಲ್ಲಿ ಜಲಪಾತವೆಂದರೆ ಬಂಡೆಯ ಮೇಲೆ ಎಳೆ ನೀರು. ಅದಕ್ಕಾಗಿಯೇ ದೂರದಿಂದ ಬರುವುದು ಬೇಡ; ಬಂದರೆ ಮಕ್ಕಳನ್ನು ಗುಂಡಿಗೆ ಇಳಿಸಬೇಡಿ. ನಾಲ್ಕನೆಯ ದಿನವಿದ್ದರೆ ಬೇಲೂರು, ಹಳೇಬೀಡು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವನ ಗುಡಿಯೂ ಹಳೇಬೀಡಿನ ಹೊಯ್ಸಳೇಶ್ವರನೂ ಸೋಮನಾಥಪುರದೊಂದಿಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬೇಲೂರಿನ ಅಂಗಳದಲ್ಲಿ ಚಪ್ಪಲಿ ಬಿಟ್ಟೇ ನಡೆಯಬೇಕು, ಹನ್ನೊಂದು ಗಂಟೆಗೆಲ್ಲ ಹಾಸುಗಲ್ಲು ಕಾದಿರುತ್ತದೆ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ.

ಒಂದು ದಿನ ಯಾವ ದಿಕ್ಕೂ ಬೇಡ

ಯೋಜನೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ನಡುವೆ ಒಂದು ದಿನ ಕಾರಿನ ಬೀಗ ತೆಗೆಯಬೇಡಿ. ನಮ್ಮಲ್ಲಿ ಪ್ರತಿ ತೋಟದ ಮನೆಯಲ್ಲೂ ಮಳೆಮಾಪಕವಿರುತ್ತದೆ, ಬೆಳಗ್ಗೆ ಎದುರು ಸಿಕ್ಕವರ ಮೊದಲ ಪ್ರಶ್ನೆ "ನಿಮ್ಮಲ್ಲಿ ಎಷ್ಟು ಸೆಂಟ್ಸು?" ಇಂಚಿನ ನೂರನೇ ಭಾಗ ಒಂದು ಸೆಂಟು. ರಜೆಯಲ್ಲಿ ಆ ಕೆಲಸ ಮಕ್ಕಳದ್ದು. ಅಂಗಳದ ಮಾಪಕದ ಬಾಯಿ ತೆಗೆದು, ನೀರನ್ನು ಒಂದು ಹನಿಯೂ ಚೆಲ್ಲದಂತೆ ಗಾಜಿನ ಅಳತೆಗೆ ಸುರಿದು, ಕಣ್ಣನ್ನು ಗೀಟಿನ ಮಟ್ಟಕ್ಕೆ ತಂದು ಓದಿ, ಡೈರಿಯಲ್ಲಿ ಬರೆಯಬೇಕು. ಎಂಬತ್ತೈದೋ ತೊಂಬತ್ತೋ ಎಂದು ಅಣ್ಣ-ತಂಗಿಗೆ ಜಗಳವಾದರೆ ಅವರ ಅಜ್ಜ ಕನ್ನಡಕ ಹಾಕಿಕೊಂಡು ಬಂದು ತೀರ್ಪು ಕೊಡುತ್ತಾರೆ. ಆ ಅಂಕಿಯ ಮೇಲೆ ನಮ್ಮ ವರ್ಷದ ಫಸಲು ನಿಂತಿದೆ ಎಂದು ತಿಳಿದ ಮಗು ಮಳೆಗೆ ರಜೆ ಹಾಳಾಯಿತೆಂದು ಗೊಣಗುವುದಿಲ್ಲ.

ಕಣದಲ್ಲಿ ಒಣಗುವ ಮೆಣಸು ಮಗುಚುವುದು, ಕೈಗೆ ಎಣ್ಣೆ ಸವರಿಕೊಂಡು ಹಲಸು ಬಿಡಿಸುವುದು, ಕಾಡುಮಾವಿನ ಗೊಜ್ಜಿಗೆ ಹಣ್ಣು ಹಿಸುಕುವುದು, ಅಕ್ಕಿತರಿ ಬೇಯಿಸಿ ಕಡುಬಿನ ಉಂಡೆ ಕಟ್ಟುವುದು. ಹಗಲು ಸರಿದದ್ದೇ ತಿಳಿಯದು. ಏಪ್ರಿಲ್-ಮೇ ನಮ್ಮ ಊರುಗಳ ಸುಗ್ಗಿ ಹಬ್ಬದ ಕಾಲವೂ ಹೌದು. ಹೊರಗಿನವರು ಬಂದು ನೋಡಬಹುದು. ಊರಿಗೊಂದು ಕಟ್ಟುಪಾಡು ಇರುತ್ತದೆ, ಕೇಳಿ ತಿಳಿದು ನಡೆದುಕೊಂಡರೆ ಸಾಕು.

ಆನೆಯ ಸೀಮೆ

ಇದನ್ನು ಮುಚ್ಚಿಟ್ಟು ಯಾರನ್ನೂ ಕರೆಯಲಾರೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆಗಳು ವರ್ಷವಿಡೀ ಇವೆ. ಹಲಸು ಹಣ್ಣಾಗುವ ಕಾಲದಲ್ಲಿ ಮನೆಯಂಗಳಕ್ಕೂ ಬರುತ್ತವೆ. ಅವುಗಳಿಂದ ಸತ್ತವರಲ್ಲಿ ಹೆಚ್ಚಿನವರು ಬೆಳಗಿನ ಮಬ್ಬಿನಲ್ಲೋ ಸಂಜೆಯಲ್ಲೋ ಕೆಲಸಕ್ಕೆ ನಡೆದುಹೋಗುವ ಬಡವರು. ಎಂಟು ಸಲ ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಂದಿಗೆ ಸೆಣಸಿ ಸತ್ತದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ; ಮಣ್ಣು ಮಾಡಿದ್ದೂ ಅಲ್ಲೇ.

ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಆನೆಗಳ ಜಾಡು ಹಿಡಿದು ಸುತ್ತಲಿನವರಿಗೆ ಮೊಬೈಲಿನಲ್ಲಿ ಸುದ್ದಿ ಕಳಿಸುತ್ತಾರೆ. ನೀವು ಉಳಿಯುವ ಮನೆಯವರಿಗೆ ಆ ಸಂದೇಶ ಬರುತ್ತಿರುತ್ತದೆ, ದಿನವೂ ಬೆಳಗ್ಗೆ ಕೇಳಿ. ಸಂಜೆ ಆರಕ್ಕೆ ಮನೆಯೊಳಗಿರಿ. ರಸ್ತೆಯಲ್ಲಿ ಎದುರಾದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ, ಇಳಿಯಬೇಡಿ, ಅದು ದಾಟುವವರೆಗೆ ಕಾಯಿರಿ. ನಿಮ್ಮ ವೀಡಿಯೊಗಾಗಿ ಕೆಣಕಿದ ಆನೆಯ ಸಿಟ್ಟನ್ನು ಮರುದಿನ ಎದುರಿಸುವವರು ನಮ್ಮ ಕೂಲಿಯವರು.

ಫೋನಿನಲ್ಲಿ ಕೇಳಬೇಕಾದ್ದು

ಹೋಂಸ್ಟೇ ಬುಕ್ ಮಾಡುವಾಗ ಚಿತ್ರ ನೋಡಿ ಮರುಳಾಗದೆ ನಾಲ್ಕು ಮಾತು ಕೇಳಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ? ತಲೆಗಿಷ್ಟೆಂದು ಹೇಳುವ ದರದಲ್ಲಿ ಊಟ-ತಿಂಡಿ ಸೇರಿದೆಯೇ, ಮಕ್ಕಳಿಗೆ ಎಷ್ಟು? ಮುಖ್ಯರಸ್ತೆಯಿಂದ ಎಷ್ಟು ಒಳಗೆ, ನಿಮ್ಮ ಕಾರು ಹೋಗುತ್ತದೆಯೇ ಇಲ್ಲ ಜೀಪು ಬೇಕೇ? ಮಾಲೀಕರು ಅಲ್ಲಿಯೇ ವಾಸವಿದ್ದಾರೆಯೇ? ಕೊನೆಯದು ಎಲ್ಲಕ್ಕಿಂತ ಮುಖ್ಯ. ಮಳೆ, ಆನೆ, ದಾರಿಯ ಸಂಗತಿ ಗೊತ್ತಿರುವುದು ಅಲ್ಲಿ ಬದುಕುವವರಿಗೆ. ಹಿರಿಯರಿದ್ದರೆ ಔಷಧಿ ಲೆಕ್ಕಕ್ಕಿಂತ ಎರಡು ದಿನ ಹೆಚ್ಚಿಗೆ ತನ್ನಿ. ತುರ್ತಿಗೆ ಸಕಲೇಶಪುರದಲ್ಲಿ ಕ್ರಾಫರ್ಡ್ ಸರ್ಕಾರಿ ಆಸ್ಪತ್ರೆ ಇದೆ, ದೊಡ್ಡದಕ್ಕೆ ಹಾಸನಕ್ಕೇ ಹೋಗಬೇಕು.

ಇಷ್ಟಾದ ಮೇಲೆ ಅಕ್ಕನ ಮಗ ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಎರಡೇ ದಿನವಿದ್ದರೆ ಪಶ್ಚಿಮಕ್ಕೊಂದು ದಿನ, ಮನೆಯಲ್ಲೊಂದು ದಿನ. ಮೂರಿದ್ದರೆ ದಕ್ಷಿಣವನ್ನು ಸೇರಿಸಿಕೋ. ನಾಲ್ಕಿದ್ದರೆ ಹೋಗುವ ದಾರಿಯಲ್ಲಿ ಶೆಟ್ಟಿಹಳ್ಳಿಯನ್ನೋ ಬೇಲೂರನ್ನೋ ನೋಡಿಕೊಂಡು ಹೋಗು, ಎರಡನ್ನೂ ಅಲ್ಲ. ಬಿಟ್ಟುಹೋದ ದಿಕ್ಕು ನಷ್ಟವಲ್ಲ. ಮುಂದಿನ ಬೇಸಿಗೆಗೆ ಮಕ್ಕಳನ್ನು ಮತ್ತೆ ಕರೆತರಲು ಅದೇ ಕಾರಣ.